ಅಕ್ಷರ ಅದೇ, ಬೊಟ್ಟು ಇಲ್ಲ

ಕೇಳುಗರಿಗೆ ನಮಸ್ಕಾರ. ಗಿಡದ ಡಿಎನ್‌ಎ ಅಂದ ಕೂಡಲೇ ರೇಡಿಯೊ ಆಫ್ ಮಾಡಬೇಡಿ, ಟೊಮೆಟೊ ಕತೆ ಇದೆ.

ಡಿಎನ್‌ಎಯಲ್ಲಿ ಇರೋದು ನಾಲ್ಕೇ ಅಕ್ಷರ. ಅದರಲ್ಲಿ ಸೈಟೊಸಿನ್ ಅನ್ನೋದರ ಮೇಲೆ ಗಿಡ ಅಲ್ಲಲ್ಲಿ ಒಂದು ಸಣ್ಣ ಬೊಟ್ಟು ಇಡುತ್ತದೆ, ಮೀಥೈಲ್ ಬೊಟ್ಟು. ಜೀನಿನ ಬಾಗಿಲಲ್ಲಿ ಬೊಟ್ಟು ಜಾಸ್ತಿ ಇದ್ದರೆ ಆ ಜೀನ್ ಸುಮ್ನೆ ಮಲಗಿರುತ್ತದೆ. ಬೊಟ್ಟು ಹೋದರೆ ಎದ್ದು ಕೂರುತ್ತದೆ. ಅಕ್ಷರ ಮಾತ್ರ ಅದೇ. ಇದೊಂದು ನೆನಪಿಟ್ಟುಕೊಳ್ಳಿ, ಸಾಕು.

ಬೊಟ್ಟು ಹೋಗೋದು ಹೇಗೆ? ಅಜಾಸೈಟಿಡಿನ್ ಅಂತ ಒಂದು ರಾಸಾಯನಿಕ ಇದೆ. ನೋಡೋಕೆ ಥೇಟ್ ಸೈಟೊಸಿನ್. ಜೀವಕೋಶ ಎರಡಾಗುವಾಗ ಏಮಾರಿ ಇದನ್ನೇ ಪೋಣಿಸಿಕೊಳ್ಳುತ್ತದೆ, ಓದುವಾಗಲೂ ಸೈಟೊಸಿನ್ ಅಂತಲೇ ಓದುತ್ತದೆ. ಬೊಟ್ಟಿಡುವ ಕಿಣ್ವ ಬಂದು ಇದನ್ನು ಮುಟ್ಟಿತೋ, ಹಲಸಿನ ಅಂಟಿಗೆ ಕೈ ಹಾಕಿದ ಹಾಗೆ ಅಲ್ಲೇ ಸಿಕ್ಕಿಕೊಂಡಿತು. ಹೊಸ ಕೋಶಗಳಿಗೆ ಬೊಟ್ಟಿಡುವವರೇ ಇಲ್ಲ.

ಈಗ ಟೊಮೆಟೊ. 2013ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದ್ದು. ಗಿಡದಲ್ಲೇ ಇದ್ದ ಎಳೆಗಾಯಿಗಳಿಗೆ ಸೂಜಿಯಲ್ಲಿ ಅಜಾಸೈಟಿಡಿನ್ ಚುಚ್ಚಿದರು. ಎಳೆಗಾಯಿಗೆ ಎಥಿಲಿನ್, ಅಂದರೆ ಕಾಯಿಯನ್ನು ಹಣ್ಣು ಮಾಡುವ ಅನಿಲ, ಕೊಟ್ಟರೂ ಅದು ಹಣ್ಣಾಗಲ್ಲ, ಗೊತ್ತಲ್ವಾ? ಒಳಗೆ ಬೀಜ ಬಲಿಯುವ ತನಕ ಗಿಡ ಬಿಡೋದೇ ಇಲ್ಲ. ಆದರೆ ಈ ಸೂಜಿ ಕಂಡ ಕಾಯಿ ಅವಧಿಗೆ ಮೊದಲೇ ಕೆಂಪಾಯಿತು! ಬೀಜ ಇನ್ನೂ ಎಳಸು, ಸಿಪ್ಪೆ ಮಾತ್ರ ಹಣ್ಣು. ಆ ಕಾಯಿಯ ಫೋಟೊವನ್ನು ನಾನು ಕ್ಲಾಸಿನಲ್ಲಿ ಎಷ್ಟು ಸಲ ತೋರಿಸಿದ್ದೇನೋ ಲೆಕ್ಕ ಇಲ್ಲ, ಇವತ್ತಿಗೂ ನೋಡಿದರೆ ಖುಷಿಯಾಗುತ್ತದೆ. ಯಾಕಂದ್ರೆ ಅಷ್ಟು ದಿನ ಕಾಯಿಯನ್ನು ತಡೆದು ಹಿಡಿದದ್ದು ಆ ಬೊಟ್ಟುಗಳು. ಅಕ್ಷರ ಒಂದೂ ಬದಲಾಗಿಲ್ಲ.

ಇದನ್ನು ಹೇಳಿದ ಕೂಡಲೇ ಒಬ್ಬರು ಕೇಳಿದ್ದರು, "ಸಾರ್, ಕಾಯಿ ಹಣ್ಣು ಮಾಡೋಕೆ ಕಾರ್ಬೈಡ್ ಬದಲು ಇದು ಹಾಕಬಹುದಾ?" ಅಯ್ಯೋ, ಬೇಡ. ಇದು ರಕ್ತದ ಕಾಯಿಲೆಗೆ ಆಸ್ಪತ್ರೆಯಲ್ಲಿ ಕೊಡುವ ಔಷಧಿ, ಕೋಶಗಳಿಗೆ ವಿಷ. ತೋಟದ ಮಾತೇ ಅಲ್ಲ.

ಟೊಮೆಟೊ ಎಲ್ಲ ಸಮಯ ತಿಂದುಬಿಟ್ಟಿತು. ಭತ್ತದ್ದು ಮಾತ್ರ ಹೇಳಿಬಿಡುತ್ತೇನೆ. 1990ರಲ್ಲಿ ಜಪಾನಿನವರು ಭತ್ತದ ಸಸಿಗೆ ಒಂದೇ ಒಂದು ಸಲ ಅಜಾಸೈಟಿಡಿನ್ ಕೊಟ್ಟರು. ಗಿಡ ಗಿಡ್ಡವಾಯಿತು. ಅದರ ಬೀಜ ಬಿತ್ತಿದರೆ, ಆ ಔಷಧಿಯ ಮುಖವನ್ನೇ ನೋಡದ ಪೈರಿನಲ್ಲೂ ಗಿಡ್ಡ ಗಿಡಗಳು ಬಂದವು.