ಜಾಗ ಮೊದಲು, ಪೆಟ್ಟಿಗೆ ಆಮೇಲೆ: ಮನೆಯಲ್ಲಿ ಕಟ್ಟುವ ಮೊದಲ ಸ್ಪೀಕರ್ ಜೋಡಿ

ಅಧ್ಯಕ್ಷರೆ, ಬಿಡುವು ಮಾಡಿಕೊಂಡು ಬಂದಿರುವ ಸಂಗೀತಾಸಕ್ತ ಬಂಧುಗಳೆ,

ನಿಮ್ಮಲ್ಲಿ ಹಲವರು ಮೊದಲ ಬಾರಿಗೆ ಸ್ವಂತ ಕೈಯಿಂದ ಒಂದು ಜೊತೆ ಸ್ಪೀಕರ್ ಕಟ್ಟಬೇಕೆಂದಿದ್ದೀರಿ. ಹೀಗೆ ಹೊರಟವರೆಲ್ಲ ಕೇಳುವ ಮೊದಲ ಪ್ರಶ್ನೆ, ಯಾವ ಡ್ರೈವರ್, ಅಂದರೆ ಪೆಟ್ಟಿಗೆಯಲ್ಲಿ ಕೂರಿಸುವ, ಧ್ವನಿ ಹೊರಡಿಸುವ ಭಾಗ, ಕೊಳ್ಳಬೇಕು ಎಂಬುದು. ನಾನು ಅದಕ್ಕೆ ಉತ್ತರಿಸುವ ಮೊದಲು, ಯಾವ ಕೋಣೆಯಲ್ಲಿ, ಯಾವ ಗೋಡೆಯ ಬಳಿ ಇಡುತ್ತೀರಿ ಎಂದು ಕೇಳುತ್ತೇನೆ. ಅಂಗಡಿಯಲ್ಲಿ ಮಾರಾಟಕ್ಕಿರುವ ಸ್ಪೀಕರನ್ನು ತಯಾರಿಸಿದವರಿಗೆ ನಿಮ್ಮ ಮನೆ ಗೊತ್ತಿಲ್ಲ. ಆದ್ದರಿಂದ ಅವರು ಅದನ್ನು ಎಲ್ಲ ಮನೆಗೂ ಅಷ್ಟಿಷ್ಟು ಹೊಂದುವಂತೆ ಮಾಡಿರುತ್ತಾರೆ. ನೀವೇ ಕಟ್ಟುವಾಗ ಹಣ ಉಳಿಯುತ್ತದೆ ಎಂದು ನಾನು ಭರವಸೆ ಕೊಡಲಾರೆ. ಪ್ಲೈವುಡ್, ಬಡಗಿಯ ಕೂಲಿ, ವೈರು, ಪಾಲಿಶ್ ಎಲ್ಲ ಸೇರಿದರೆ ಅನೇಕ ಸಲ ಉಳಿಯುವುದಿಲ್ಲ. ಆದರೆ ನಿಮ್ಮ ಮನೆಯ ಗೋಡೆಗೆ ಹೇಳಿ ಮಾಡಿಸಿದಂಥ ಪೆಟ್ಟಿಗೆಯನ್ನು ನೀವು ಮಾತ್ರ ಮಾಡಬಲ್ಲಿರಿ.

ಇದು ನನಗೆ ತಡವಾಗಿ ತಿಳಿದ ವಿಷಯ. ನನ್ನ ಮೊದಲ ಜೋಡಿಗೆ ಹಿಂಬದಿಯಲ್ಲಿ ರಂಧ್ರವಿರುವ, ಅಂದರೆ ಪೋರ್ಟ್ ಇರುವ ಪೆಟ್ಟಿಗೆಗಳನ್ನು ಮಾಡಿ, ಹತ್ತು ಅಡಿ ಹನ್ನೆರಡು ಅಡಿಯ ಕೋಣೆಯ ಷೋಕೇಸಿನ ಮೇಲೆ, ಗೋಡೆಗೆ ತಾಗಿದಂತೆ ಇಟ್ಟಿದ್ದೆ. ಮೃದಂಗದ ಎಡಭಾಗದ ಪೆಟ್ಟು ಬಿದ್ದಾಗಲೆಲ್ಲ ಕೋಣೆ ತುಂಬ ಗುಂಯ್ ಎನ್ನುವ ಮೊಳಗು ಉಳಿದು, ಮುಂದಿನ ಪೆಟ್ಟನ್ನು ನುಂಗಿಬಿಡುತ್ತಿತ್ತು. ಡ್ರೈವರಿನದೇ ದೋಷವೆಂದು ಬೇರೆ ಡ್ರೈವರ್ ತಂದು ಹಾಕಿದೆ. ಮೊಳಗು ಹಾಗೆಯೇ ಇತ್ತು. ಕೊನೆಗೆ ಪೆಟ್ಟಿಗೆಗಳನ್ನು ಇಳಿಸಿ, ಎರಡು ಸ್ಟೂಲುಗಳ ಮೇಲೆ ಗೋಡೆಯಿಂದ ಎರಡು ಅಡಿ ಮುಂದಕ್ಕಿಟ್ಟೆ. ಮೊಳಗು ಕಡಿಮೆಯಾಯಿತು. ಆದರೆ ಅದರ ಜೊತೆಗೆ ಗಾಯಕರ ದನಿಯ ತುಂಬುತನವೂ ಹೋಯಿತು: ಷಡ್ಜದಲ್ಲಿ ನಿಂತಾಗ ಎದೆಯಿಂದ ಬರಬೇಕಾದ ದನಿ ಗಂಟಲಿನಿಂದ ಬಂದಂತೆ ಕೇಳುತ್ತಿತ್ತು. ಇದರ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಆಯ್ಕೆಯ ಮಾತೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಕೆಳಗಿನ ಸ್ವರಗಳು ಸ್ಪೀಕರಿನ ಮುಂದಕ್ಕೆ ಮಾತ್ರ ಹೋಗುವುದಿಲ್ಲ, ಸುತ್ತಲೂ ಹರಡುತ್ತವೆ. ಹಿಂದಕ್ಕೆ ಹೋದ ಧ್ವನಿ ಗೋಡೆಗೆ ಬಡಿದು ಮರಳಿ ಬಂದು, ನೇರವಾಗಿ ಬಂದ ಧ್ವನಿಯನ್ನು ಕೂಡಿಕೊಳ್ಳುತ್ತದೆ. ಹೀಗೆ ಹೋಗಿ ಬರುವ ದಾರಿ ಅಲೆಯ ಉದ್ದದ ಅರ್ಧದಷ್ಟಿದ್ದರೆ ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಧ್ವನಿಯ ವೇಗವನ್ನು ಸೆಕೆಂಡಿಗೆ 345 ಮೀಟರ್ ಎಂದು ಹಿಡಿದು, ಅದನ್ನು ಡ್ರೈವರಿಗೂ ಹಿಂದಿನ ಗೋಡೆಗೂ ಇರುವ ದೂರದ ನಾಲ್ಕರಷ್ಟರಿಂದ ಭಾಗಿಸಿದರೆ, ಯಾವ ಸ್ವರ ಸೊರಗುತ್ತದೆ ಎಂಬುದು ತಿಳಿಯುತ್ತದೆ. ದೂರ 60 ಸೆಂಟಿಮೀಟರ್ ಆದರೆ ಅದು ಸುಮಾರು 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಕಂಪನ. ಹಾರ್ಮೋನಿಯಂ ನುಡಿಸುವವರು ಕಪ್ಪು ಒಂದು ಎನ್ನುವ ಶ್ರುತಿಯಲ್ಲಿ ಹಾಡುವ ಗಂಡುದನಿಯ ಮಧ್ಯ ಷಡ್ಜ ಸುಮಾರು 139 ಹರ್ಟ್ಸ್. ಅಂದರೆ ನಾನು ಎರಡು ಅಡಿ ಮುಂದಕ್ಕೆಳೆದದ್ದು ಗಾಯಕರ ಆಧಾರ ಸ್ವರವನ್ನೇ ಸೊರಗಿಸುವ ಜಾಗಕ್ಕೆ. ಬೇರೆ ಗೋಡೆಗಳಿಂದಲೂ ಧ್ವನಿ ಬರುವುದರಿಂದ ಸ್ವರ ಪೂರ್ತಿ ಅಳಿಸಿಹೋಗುವುದಿಲ್ಲ, ಅದರ ಜೊತೆಗೇ ಹುಟ್ಟುವ ಮೇಲಿನ ಸ್ವರಗಳೂ ಉಳಿಯುತ್ತವೆ; ದನಿ ಯಾರದೆಂದು ಗುರುತು ಸಿಗುತ್ತದೆ, ಅದರ ಮೈ ಮಾತ್ರ ಸಿಗುವುದಿಲ್ಲ.

ಹಾಗಾದರೆ ಎಲ್ಲಿಡಬೇಕು? ಗೋಡೆಯಿಂದ ಒಂದು ಮೀಟರ್ ಮುಂದಕ್ಕೆ ತಂದರೆ ಈ ತಗ್ಗು 86 ಹರ್ಟ್ಸಿಗೆ ಇಳಿದು, ದನಿಯ ದಾರಿಯಿಂದ ಬಹುಮಟ್ಟಿಗೆ ಸರಿಯುತ್ತದೆ. ದೊಡ್ಡ ಹಜಾರ ಇರುವವರು ಹಾಗೆ ಮಾಡಬಹುದು. ಆದರೆ ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ, ಮಂಚ, ಬೀರು, ತೆರೆಯುವ ಬಾಗಿಲು ಎಲ್ಲ ಇರುವಲ್ಲಿ, ಮೂರಡಿಗಿಂತ ಮುಂದಕ್ಕೆ ಬಂದ ಎರಡು ಪೆಟ್ಟಿಗೆಗಳ ನಡುವೆ ಮನೆಯವರು ಓಡಾಡುವುದು ಹೇಗೆ? ಅಂಥ ಕೋಣೆಗೆ ನನ್ನ ಸಲಹೆ ಇದಕ್ಕೆ ತದ್ವಿರುದ್ಧವಾದದ್ದು: ಆಳ ಕಡಿಮೆ ಇರುವ ಪೆಟ್ಟಿಗೆ ಮಾಡಿ, ಗೋಡೆಗೆ ಆದಷ್ಟು ಹತ್ತಿರ ಇಡಿ. ಡ್ರೈವರಿನ ಮುಖ ಗೋಡೆಯಿಂದ 24 ಸೆಂಟಿಮೀಟರ್ ದೂರದಲ್ಲಿದ್ದರೆ ತಗ್ಗು 360 ಹರ್ಟ್ಸಿನ ಸುತ್ತ ಬೀಳುತ್ತದೆ; ಅಲ್ಲಿ ಪೆಟ್ಟಿಗೆಯ ಮುಖವೇ ಧ್ವನಿಯನ್ನು ಮುಂದಕ್ಕೆ ದೂಡತೊಡಗಿರುವುದರಿಂದ ಹಿಂದಕ್ಕೆ ಹೋಗುವ ಪಾಲು ಕಡಿಮೆ, ತಗ್ಗಿನ ಆಳವೂ ಕಡಿಮೆ. ಎರಡು ಅಡಿ ಎಂಬ ನಡುವಿನ ದೂರವನ್ನು ಮಾತ್ರ ಬಿಡಿ.

ಗೋಡೆಗೆ ಹತ್ತಿರವಿಟ್ಟರೆ ಮೊಳಗುವುದಿಲ್ಲವೆ ಎಂದು ಕೇಳುತ್ತೀರಿ. ಮೊಳಗುತ್ತದೆ, ಪೆಟ್ಟಿಗೆಯನ್ನು ಆ ಜಾಗಕ್ಕೆಂದೇ ಮಾಡಿರದಿದ್ದರೆ. ನಮ್ಮ ಮನೆಗಳ ಇಟ್ಟಿಗೆ ಗೋಡೆ, ಕಾಂಕ್ರೀಟ್ ತಾರಸಿ, ಟೈಲ್ಸ್ ನೆಲ ಕೆಳಗಿನ ಸ್ವರಗಳನ್ನು ಹೊರಗೆ ಬಿಟ್ಟುಕೊಡುವುದಿಲ್ಲ. ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದ ಅಮೆರಿಕದ ಮನೆಗಳಲ್ಲಿ ಗೋಡೆಯೇ ಸ್ವಲ್ಪ ಅಲುಗಿ ಒಂದಿಷ್ಟು ಹೀರಿಕೊಳ್ಳುತ್ತದೆ. ಅಲ್ಲಿನವರು ಕೊಡುವ ಅಳತೆಗಳನ್ನು ಇಲ್ಲಿ ಹಾಗೆಯೇ ಅನುಸರಿಸಿದರೆ ಕೆಳಸ್ವರ ಹೆಚ್ಚಾಗುವುದು ಇದಕ್ಕೇ. ಹನ್ನೆರಡು ಅಡಿಯ ಎರಡು ಗೋಡೆಗಳ ನಡುವೆ 47 ಹರ್ಟ್ಸಿನ ಅಲೆ ನಿಂತುಬಿಡುತ್ತದೆ. ಹತ್ತು ಅಡಿಯ ನಡುವೆ 57 ಹರ್ಟ್ಸಿನದು. ತಾರಸಿಯೂ ಹತ್ತು ಅಡಿ ಎತ್ತರದಲ್ಲಿದ್ದರೆ, ನಮ್ಮಲ್ಲಿ ಬಹಳ ಮನೆಗಳಲ್ಲಿ ಹಾಗೆಯೇ ಇರುತ್ತದೆ, ಅಗಲದ ಅಲೆಯೂ ಎತ್ತರದ ಅಲೆಯೂ ಒಂದೇ ಸ್ವರದಲ್ಲಿ ಸೇರಿ ಅದನ್ನು ಎತ್ತಿ ಹಿಡಿಯುತ್ತವೆ. ಅಂಥ ಕೋಣೆಗೆ 40 ಹರ್ಟ್ಸಿನವರೆಗೆ ಜೋರಾಗಿ ನುಡಿಯುವ ಪೋರ್ಟ್ ಪೆಟ್ಟಿಗೆಯನ್ನು ತಂದರೆ ಮೊಳಗಿಗೆ ನಾವೇ ಕೈಯಾರೆ ಇಂಧನ ಒದಗಿಸಿದಂತೆ.

ಆದ್ದರಿಂದ ಮೊದಲ ಜೋಡಿಗೆ ನಾನು ಹೇಳುವುದು ಪೂರ್ತಿ ಮುಚ್ಚಿದ ಪೆಟ್ಟಿಗೆ, ಅದರಲ್ಲಿ ಕೆಳಗಿನ, ಮೇಲಿನ ಸ್ವರಗಳೆಲ್ಲವನ್ನೂ ತಾನೇ ನುಡಿಸುವ ಐದು ಇಂಚಿನ ಒಂದೇ ಫುಲ್‌ರೇಂಜ್ ಡ್ರೈವರ್. ಮುಚ್ಚಿದ ಸಣ್ಣ ಪೆಟ್ಟಿಗೆಯನ್ನು ಎಡ್ಗರ್ ವಿಲ್ಚರ್ 1954ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ತಂದರು. ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದ ಗಾಳಿಯೇ ಸ್ಪ್ರಿಂಗಿನಂತೆ ಕೋನನ್ನು, ಅಂದರೆ ಡ್ರೈವರಿನ ಅಲುಗುವ ಬಟ್ಟಲಿನಾಕಾರದ ಮುಖವನ್ನು, ಹಿಡಿಯುತ್ತದೆ ಎಂಬುದು ಅದರ ತತ್ವ. ಆ ಗಾಳಿ ಎಷ್ಟಿರಬೇಕು ಎಂಬ ಲೆಕ್ಕವನ್ನು ನಮ್ಮಂಥ ಹವ್ಯಾಸಿಗಳ ಕೈಗೆಟುಕುವಂತೆ ಮಾಡಿದವರು ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್. ಥೀಲ್ ಅವರ ಪ್ರಬಂಧ 1961ರದು, ಸ್ಮಾಲ್ ಅವರ ಪ್ರಬಂಧಗಳು 1970ರ ದಶಕದ ಆರಂಭದವು. ಇಂದು ಯಾವ ಒಳ್ಳೆಯ ಡ್ರೈವರಿನ ಜೊತೆಗೂ ಬರುವ ವಿವರಪತ್ರದಲ್ಲಿ ಎಫ್‌ಎಸ್, ಕ್ಯುಟಿಎಸ್, ವಿಎಎಸ್ ಎಂಬ ಮೂರು ಅಂಕಿಗಳಿರುತ್ತವೆ. ಮೊದಲನೆಯದು ಡ್ರೈವರ್ ತಾನಾಗಿ ಕಂಪಿಸುವ ಸ್ವರ, ಎರಡನೆಯದು ಆ ಕಂಪನ ಎಷ್ಟು ಬೇಗ ತಣಿಯುತ್ತದೆ ಎಂಬುದರ ಅಳತೆ, ಮೂರನೆಯದು ಡ್ರೈವರಿನ ಸ್ಪ್ರಿಂಗಿನಷ್ಟೇ ಬಿಗುವಿರುವ ಗಾಳಿಯ ಪ್ರಮಾಣ. ಆ ಅಂಕಿಗಳನ್ನು ಕೊಡದ ಡ್ರೈವರನ್ನು ಎಷ್ಟೇ ಅಗ್ಗವಾದರೂ ಮೊದಲ ಪ್ರಯತ್ನಕ್ಕೆ ಕೊಳ್ಳಬೇಡಿ. ಅದು ಕೆಟ್ಟದ್ದೆಂದಲ್ಲ, ಅದಕ್ಕೆ ಪೆಟ್ಟಿಗೆ ಎಷ್ಟು ದೊಡ್ಡದಿರಬೇಕೆಂದು ತಿಳಿಯುವ ದಾರಿ ನಿಮ್ಮ ಬಳಿ ಇರುವುದಿಲ್ಲ.

ಒಂದು ಲೆಕ್ಕ ಮಾಡೋಣ. ಎಫ್‌ಎಸ್ 55 ಹರ್ಟ್ಸ್, ಕ್ಯುಟಿಎಸ್ 0.42, ವಿಎಎಸ್ 12 ಲೀಟರ್ ಇರುವ ಡ್ರೈವರ್ ಎಂದುಕೊಳ್ಳಿ. ಪೆಟ್ಟಿಗೆಯಲ್ಲಿ ಕೂತ ಮೇಲೆ ಅದರ ಕ್ಯು, ಅಂದರೆ ಅದೇ ತಣಿಯುವಿಕೆಯ ಅಳತೆ, 0.707 ಆಗಬೇಕು, ಆಗ ಕೆಳಸ್ವರಗಳು ಉಬ್ಬದೆ ಸಮನಾಗಿ ಇಳಿಯುತ್ತವೆ. 0.707ನ್ನು 0.42ರಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, ಒಂದು ಕಳೆದರೆ 1.83, ವಿಎಎಸ್ ಅನ್ನು ಅದರಿಂದ ಭಾಗಿಸಿದರೆ ಆರೂವರೆ ಲೀಟರ್. ಒಳಗಿನ ಅಳತೆ 16.4 ಸೆಂಟಿಮೀಟರ್ ಅಗಲ, 26 ಎತ್ತರ, 16 ಆಳ ಇಟ್ಟರೆ, ಡ್ರೈವರ್ ನುಂಗುವ ಜಾಗವನ್ನು ಬಿಟ್ಟು ಅಷ್ಟು ಸಿಗುತ್ತದೆ. ಈ ಪೆಟ್ಟಿಗೆಯ ಅನುರಣನ 93 ಹರ್ಟ್ಸಿನ ಹತ್ತಿರ ಬರುತ್ತದೆ, ಅಲ್ಲಿಂದ ಕೆಳಕ್ಕೆ ಧ್ವನಿ ನಿಧಾನವಾಗಿ ಇಳಿದು, ಕೋಣೆ ಎತ್ತಿ ಹಿಡಿಯುವ 57 ಹರ್ಟ್ಸಿನಲ್ಲಿ ಒಂಬತ್ತು ಡೆಸಿಬೆಲ್‌ನಷ್ಟು ಕಡಿಮೆಯಿರುತ್ತದೆ. ಕೋಣೆ ಕೂಡಿಸುವುದನ್ನು ಪೆಟ್ಟಿಗೆ ಮೊದಲೇ ಕಳೆದಿಟ್ಟಿರುತ್ತದೆ. ಹೊಂದಿಕೆ ಎಂದು ನಾನು ಹೇಳುವುದು ಇದನ್ನೇ.

ಮೇಲಿನ ಸ್ವರಗಳಿಗೆ ಟ್ವೀಟರ್, ಕೆಳಗಿನವಕ್ಕೆ ವೂಫರ್ ಎರಡೂ ಇರುವ ಜೋಡಿಯೇ ಬೇಕೆನ್ನುವವರು, ಅಳತೆಗಳ ಸಮೇತ ಪ್ರಕಟವಾದ ಒಬ್ಬ ಅನುಭವಿಯ ವಿನ್ಯಾಸವನ್ನು ಒಂದು ಮಿಲಿಮೀಟರ್ ಬದಲಿಸದೆ ಕಟ್ಟಿ. ಟ್ವೀಟರ್ ಬದಲಿಸಿದರೆ ಅಥವಾ ಮುಖದ ಅಗಲ ಬದಲಿಸಿದರೆ ಸ್ವರಗಳನ್ನು ಎರಡಕ್ಕೂ ಹಂಚುವ ಆ ಕ್ರಾಸೋವರ್ ಆ ಸ್ಪೀಕರಿನದಾಗಿ ಉಳಿಯುವುದಿಲ್ಲ.

ಮರದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಎಂ.ಡಿ.ಎಫ್., ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ, ಕೊರೆಯಲು ಸುಲಭ, ಆದರೆ ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಅದರ ಅಂಚು ನೀರು ಕುಡಿದು ಊದಿಕೊಳ್ಳುತ್ತದೆ. ನೀರು ತಾಳುವ ದರ್ಜೆಯ, ಐ.ಎಸ್. 710 ಗುರುತಿನ 18 ಮಿಲಿಮೀಟರ್ ಪ್ಲೈವುಡ್ ತೆಗೆದುಕೊಂಡು, ಹಲಗೆಗಳನ್ನು ಅಂಗಡಿಯ ಯಂತ್ರದಲ್ಲೇ ನೇರವಾಗಿ ಕೊಯ್ಯಿಸಿ. ಸಂದುಗಳಲ್ಲಿ ಗಾಳಿ ಸೋರಬಾರದು. ಆ್ಯಂಪ್ಲಿಫೈಯರ್ ಇಪ್ಪತ್ತು ವ್ಯಾಟಿನದು ಈ ಕೋಣೆಗೆ ಧಾರಾಳವಾಯಿತು.

ಜೋಡಿಸಿದ ಮೇಲೆ, ಇಡುವ ಮೊದಲು, ಒಂದು ಸಣ್ಣ ಪರೀಕ್ಷೆ ಮಾಡಿ. ಗೋಡೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ ತೆಗೆದುಕೊಂಡು, ಅದರ ಪ್ಲಸ್ ತುದಿಯನ್ನು ಪೆಟ್ಟಿಗೆಯ ಕೆಂಪು ಟರ್ಮಿನಲ್ಲಿಗೆ, ಮೈನಸ್ ತುದಿಯನ್ನು ಕಪ್ಪಿಗೆ ಒಂದು ಕ್ಷಣ ಮುಟ್ಟಿಸಿ. ಟಕ್ ಎಂದು ಕೋನ್ ಮುಂದಕ್ಕೆ ಬರಬೇಕು. ಒಂದು ಪೆಟ್ಟಿಗೆಯಲ್ಲಿ ಮುಂದಕ್ಕೆ, ಇನ್ನೊಂದರಲ್ಲಿ ಹಿಂದಕ್ಕೆ ಹೋದರೆ ಒಳಗಿನ ವೈರು ಅದಲುಬದಲಾಗಿದೆ ಎಂದೇ ಅರ್ಥ. ಹಾಗೆಯೇ ನುಡಿಸಿದರೆ ಕೆಳಸ್ವರ ಮಾಯವಾಗಿ, ಗಾಯಕರು ನಡುವೆ ನಿಲ್ಲದೆ ಕೋಣೆಯಲ್ಲೆಲ್ಲ ಚದರಿದಂತೆ ಕೇಳುತ್ತದೆ.

ಈಗ ಎತ್ತರ. ಡ್ರೈವರಿನ ನಡುಭಾಗ ಕೇಳುವವರ ಕಿವಿಯ ಮಟ್ಟದಲ್ಲಿರಬೇಕು, ಏಕೆಂದರೆ ಐದು ಇಂಚಿನ ಕೋನ್ ಮೇಲಿನ ಸ್ವರಗಳನ್ನು ಟಾರ್ಚಿನ ಬೆಳಕಿನಂತೆ ನೇರಕ್ಕೆ ಮಾತ್ರ ಬಿಡುತ್ತದೆ. ಪೇಟೆಯಲ್ಲಿ ಸಿಗುವ ಸ್ಟ್ಯಾಂಡುಗಳು ಕುರ್ಚಿ, ಸೋಫಾಗಳ ಲೆಕ್ಕದವು. ನೀವು ಚಾಪೆಯ ಮೇಲೆ, ಜಮಖಾನದ ಮೇಲೆ ಕೂತು ತಾಳ ಹಾಕುತ್ತಾ ಕೇಳುವವರಾದರೆ, ನೆಲದಿಂದ ಕಿವಿಯ ಎತ್ತರವನ್ನು ಟೇಪು ಹಿಡಿದು ಅಳೆದು, ಅಷ್ಟಕ್ಕೇ ಸ್ಟ್ಯಾಂಡ್ ಮಾಡಿಸಿ. ಎರಡು ಪೆಟ್ಟಿಗೆಗಳ ನಡುವಿನ ದೂರವೂ ಅವುಗಳಿಂದ ನಿಮಗಿರುವ ದೂರವೂ ಹೆಚ್ಚು ಕಡಿಮೆ ಒಂದೇ ಇರಲಿ. ಪಕ್ಕದ ಗೋಡೆ, ಹಿಂದಿನ ಗೋಡೆ, ನೆಲ ಈ ಮೂರೂ ಡ್ರೈವರಿನಿಂದ ಒಂದೇ ದೂರದಲ್ಲಿ ಇರಬಾರದು. ಇದ್ದರೆ ಮೂರು ತಗ್ಗುಗಳೂ ಒಂದೇ ಸ್ವರದ ಮೇಲೆ ಬೀಳುತ್ತವೆ. ಕೋಣೆಯ ನಟ್ಟನಡುವೆ ಕೂರಬೇಡಿ, ಅಲ್ಲಿ 47 ಹರ್ಟ್ಸಿನ ಸ್ವರ ಕೇಳಿಸುವುದೇ ಇಲ್ಲ. ಗೋಡೆಗೆ ತಲೆ ಆನಿಸಿಯೂ ಕೂರಬೇಡಿ. ಜಮಖಾನ ಮೇಲಿನ ಸ್ವರಗಳ ಪ್ರತಿಫಲನವನ್ನಷ್ಟೇ ತಡೆಯುತ್ತದೆ. ಮೂಲೆಯಲ್ಲಿ ಸುತ್ತಿಟ್ಟ ದಪ್ಪನೆಯ ಹತ್ತಿ ಹಾಸಿಗೆಯ ಪರಿಣಾಮ ಇನ್ನೂ ಕೆಳಗಿನ ಸ್ವರಗಳವರೆಗೆ ಇಳಿಯುತ್ತದೆ.

ಕೊನೆಯ ಕೆಲಸ ನನಗೆ ಬಹಳ ಪ್ರಿಯವಾದದ್ದು. ಹೊರ ಅಗಲ 20 ಸೆಂಟಿಮೀಟರ್ ಇರುವ ಈ ಮುಖದಿಂದ ಸುಮಾರು 575 ಹರ್ಟ್ಸಿಗಿಂತ ಮೇಲಿನ ಸ್ವರಗಳು ಮುಂದಕ್ಕೇ ಬರುತ್ತವೆ, ಕೆಳಗಿನವು ಹಿಂದಕ್ಕೂ ಸುತ್ತಿ ಹೋಗುತ್ತವೆ. ಬಯಲಿನಲ್ಲಾದರೆ ಈ ನಷ್ಟ ಆರು ಡೆಸಿಬೆಲ್. ಗೋಡೆಯ ಹತ್ತಿರ ಅದರಲ್ಲೊಂದು ಪಾಲು ಮರಳಿ ಬರುತ್ತದೆ. ಎಷ್ಟು ಮರಳುತ್ತದೆ ಎಂಬುದು ನಿಮ್ಮ ಗೋಡೆಗೆ ಮಾತ್ರ ಗೊತ್ತು. ಉಳಿದ ನಷ್ಟಕ್ಕೆ ಸರಿಹೊಂದುವಷ್ಟು ಮೇಲಿನ ಸ್ವರಗಳನ್ನು ನಾವೇ ಇಳಿಸಬೇಕು. ಆದ್ದರಿಂದ ಇಲ್ಲಿ ಮೇಜಿನ ಮೇಲಿರುವ ಪೆಟ್ಟಿಗೆಯಲ್ಲಿ ನೋಡಿ, ಡ್ರೈವರಿಗೆ ಹೋಗುವ ಪ್ಲಸ್ ವೈರಿನ ದಾರಿಯಲ್ಲಿ 1.3 ಮಿಲಿಹೆನ್ರಿಯ ಒಂದು ಕಾಯಿಲನ್ನೂ ಅದಕ್ಕೆ ಸಮಾನಾಂತರವಾಗಿ ವಿದ್ಯುತ್ತನ್ನು ತಡೆಯುವ ಒಂದು ರೆಸಿಸ್ಟರನ್ನೂ ಹಾಕಿ, ಆ ರೆಸಿಸ್ಟರನ್ನು ಮಾತ್ರ ಎರಡು ಉದ್ದ ವೈರುಗಳಲ್ಲಿ ಹೊರಗೆ ತಂದು ಕ್ಲಿಪ್ಪಿನಲ್ಲಿ ಹಿಡಿಸಿದ್ದೇನೆ. ಕೆಳಸ್ವರ ಕಾಯಿಲಿನೊಳಗಿಂದ ತಡೆಯಿಲ್ಲದೆ ಹೋಗುತ್ತದೆ, ಮೇಲಿನ ಸ್ವರ ರೆಸಿಸ್ಟರ್ ದಾಟಿ ಹೋಗಬೇಕಾಗುತ್ತದೆ. ಎಂಟು ಓಮ್ ಡ್ರೈವರಿಗೆ 4.7 ಓಮ್ ಹಾಕಿದರೆ ಮೇಲಿನ ಸ್ವರಗಳು ನಾಲ್ಕು ಡೆಸಿಬೆಲ್ ಇಳಿಯುತ್ತವೆ, 2.2 ಹಾಕಿದರೆ ಎರಡು. ಹತ್ತು ವ್ಯಾಟಿನ ಬಿಳಿ ಪಿಂಗಾಣಿ ರೆಸಿಸ್ಟರುಗಳು 2.2, 3.3, 4.7 ಓಮಿನವು ಒಂದೊಂದು ಜೊತೆ ತಂದಿಟ್ಟುಕೊಳ್ಳಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲೆಂದರಲ್ಲಿ ಸಿಗುತ್ತವೆ. ಪೆಟ್ಟಿಗೆಗಳು ಅವುಗಳ ಜಾಗದಲ್ಲಿರುವಾಗಲೇ, ನೀವು ಎದುರಿಗೆ ಕೂತು ಚೆನ್ನಾಗಿ ಬಲ್ಲ ಒಬ್ಬರ ದನಿಯನ್ನು ತಂಬೂರಿಯೊಡನೆ ನುಡಿಸಿಕೊಂಡು ಕೇಳಿ. ಪ್ರತಿ ಸಲ ಆ್ಯಂಪ್ಲಿಫೈಯರ್ ಆರಿಸಿ, ರೆಸಿಸ್ಟರ್ ಬದಲಿಸಿ. ದನಿ ಎದೆಯಿಂದ ಬಂದರೂ ಮಾತಿನ ವ್ಯಂಜನಗಳು ಮಂಕಾಗದಿರುವ ಬೆಲೆ ಯಾವುದೋ ಅದು ನಿಮ್ಮ ಗೋಡೆಯ ಬೆಲೆ. ಒಂದು ವಾರ ಹಾಗೆಯೇ ಕೇಳಿ ನೋಡಿ, ಆಮೇಲೆ ಅದನ್ನು ಒಳಗಿಟ್ಟು ಬೆಸುಗೆ ಹಾಕಿ, ಹಿಂಬದಿಯ ಹಲಗೆಗೆ ಸ್ಕ್ರೂ ಬಿಗಿಯಿರಿ.

ಈಗ ಈ ಪೆಟ್ಟಿಗೆಯನ್ನು ಆ ಗೋಡೆಯ ಬಳಿಗೆ ಒಯ್ದು ಮೂರು ರೆಸಿಸ್ಟರುಗಳನ್ನೂ ಒಂದೊಂದಾಗಿ ಹಾಕುತ್ತೇನೆ. ದಯವಿಟ್ಟು ಹತ್ತಿರ ಬಂದು ಕೇಳಿ.