ರಾನಡೆಯವರ ಚಹಾ

ಎಲ್ಲರಿಗೂ ನಮಸ್ಕಾರ. ಧರ್ಮದೊಳಗೇ ಇದ್ದು ಅದನ್ನು ತಿದ್ದಲು ಹೊರಟವರ ಬಗ್ಗೆ ಮಾತಾಡಿ ಅಂದಿದ್ದೀರಿ. ಒಂದು ಚಹಾದ ಕತೆಯಿಂದ ಶುರು ಮಾಡುತ್ತೇನೆ.

1890ರ ಅಕ್ಟೋಬರ್. ಪುಣೆಯ ಪಂಚ್ ಹೌದ್ ಮಿಷನ್‌ನಲ್ಲಿ ಒಂದು ಕಾರ್ಯಕ್ರಮ. ಮುಗಿದ ಮೇಲೆ ಪಾದ್ರಿಗಳು ಚಹಾ ಕೊಟ್ಟರು. ಬಂದವರಲ್ಲಿ ನ್ಯಾಯಾಧೀಶ ಮಹಾದೇವ ಗೋವಿಂದ ರಾನಡೆ ಇದ್ದರು, ಬಾಲಗಂಗಾಧರ ತಿಲಕರೂ ಇದ್ದರು. ಇದನ್ನೆಲ್ಲ ಹೊಂದಿಸಿದ್ದು ಗೋಪಾಲರಾವ್ ಜೋಶಿ ಎಂಬ ಕಿಲಾಡಿ ಮನುಷ್ಯ. ಅಮೆರಿಕಕ್ಕೆ ಹೋಗಿ ವೈದ್ಯ ಕಲಿತ ಡಾಕ್ಟರ್ ಆನಂದಿಬಾಯಿಯ ಗಂಡ. ಆಮೇಲೆ ಬಂದವರ ಹೆಸರೆಲ್ಲ ಪತ್ರಿಕೆಯಲ್ಲಿ ಅಚ್ಚಾಯಿತು. ಕ್ರೈಸ್ತರ ಚಹಾ ಕುಡಿದ ಬ್ರಾಹ್ಮಣರು! ದೂರು ಶಂಕರಾಚಾರ್ಯ ಪೀಠದವರೆಗೂ ಹೋಯಿತು. ಶ್ರಾದ್ಧಕ್ಕೆ, ಮುಂಜಿಗೆ ಪುರೋಹಿತರು ಸಿಗುವುದು ಕಷ್ಟವಾಯಿತು. ತಿಲಕರು ಕಾಶಿಯಲ್ಲಿ ಪ್ರಾಯಶ್ಚಿತ್ತ ಆಗಿದೆ ಎಂದರು. ರಾನಡೆ ತಡೆದು ನೋಡಿದರು. 1892ರಲ್ಲಿ, ಬಹಿಷ್ಕಾರದಿಂದ ಕಂಗೆಟ್ಟ ಗೆಳೆಯರಿಗಾಗಿ, ತಾವೂ ಪ್ರಾಯಶ್ಚಿತ್ತ ಮಾಡಿಕೊಂಡರು. ಸುಧಾರಕರು ನಕ್ಕರು. ಸಂಪ್ರದಾಯಸ್ಥರೂ ನಕ್ಕರು.

ನನಗೆ ನಗು ಬರುವುದಿಲ್ಲ. ಅಲ್ಲಿ ರಾನಡೆ ಕಳೆದುಕೊಂಡದ್ದು ಅವರದೇ ಮಾನ. ಅದನ್ನು ಕೊಡುವ ಹಕ್ಕು ಅವರಿಗಿತ್ತು. ಆದರೆ 1873ರದ್ದು ಬೇರೆ ಮಾತು. ವಿಧವೆಯರ ಮರುಮದುವೆಗೆ ಹೋರಾಡಿದವರು ಅವರು. ಮೊದಲ ಹೆಂಡತಿ ತೀರಿಕೊಂಡಾಗ ಎಲ್ಲರ ಕಣ್ಣೂ ಅವರ ಮೇಲೆ. ಅಪ್ಪನ ಒತ್ತಾಯಕ್ಕೆ ಮಣಿದು ಹನ್ನೊಂದು ವರ್ಷದ ರಮಾಬಾಯಿಯನ್ನು ಮದುವೆಯಾದರು. ಅವರಿಗಾಗ ಮೂವತ್ತು ದಾಟಿತ್ತು. ಸ್ಲೇಟು ಕೊಟ್ಟು ಹುಡುಗಿಗೆ ತಾವೇ ಅಕ್ಷರ ಕಲಿಸಿದರು, ನಿಜ. ಓದಿದ್ದಕ್ಕೆ ಮನೆಯ ಹೆಂಗಸರಿಂದ ಮಾತು ಕೇಳಿದ್ದು ಮಾತ್ರ ಅವಳು. ಅಪ್ಪನ ಮನಸ್ಸು ಉಳಿಯಿತು, ಅದರ ಬೆಲೆ ತೆತ್ತವಳು ಹುಡುಗಿ. ಒಳಗಿದ್ದು ತಿದ್ದುವವರನ್ನು ನಾನು ಕೇಳುವುದು ಇದೊಂದೇ: ರಾಜಿ ನಿಮ್ಮದು ಸರಿ, ದಂಡ ಯಾರದು?

ರಾನಡೆ ಸುಧಾರಣೆಗೆ ನಾಲ್ಕು ದಾರಿ ಹೇಳುತ್ತಿದ್ದರು. ಶಾಸ್ತ್ರವನ್ನೇ ಮುಂದಿಟ್ಟು ಒಪ್ಪಿಸುವುದು, ಮನಸ್ಸಾಕ್ಷಿಗೆ ಹೇಳುವುದು, ಕಾನೂನು ತರುವುದು, ಬೇರೆಯಾಗುವುದು. ಕೊನೆಯದು ಅವರಿಗೆ ಇಷ್ಟವಿರಲಿಲ್ಲ. ಸುಧಾರಕನಿಗೆ ಖಾಲಿ ಹಲಗೆ ಸಿಗುವುದಿಲ್ಲ, ಅರ್ಧ ಬರೆದ ವಾಕ್ಯವನ್ನು ಅವನು ಪೂರ್ತಿ ಮಾಡಬೇಕು ಅನ್ನುವುದು ಅವರ ನಂಬಿಕೆ.

ಮೊದಲ ದಾರಿಯಲ್ಲಿ ನಡೆದವರು ನಮ್ಮ ಕಡೆಯೂ ಇದ್ದರು. ಕಾರ್ಕಳದ ಹತ್ತಿರ ಮಾಳದ ಅನಂತಶಾಸ್ತ್ರಿ ಡೋಂಗ್ರೆ. ಹೆಂಡತಿಗೆ ಸಂಸ್ಕೃತ ಕಲಿಸುತ್ತಾರೆ ಅಂತ ದೂರು ಹೋದಾಗ, ಉಡುಪಿಯಲ್ಲಿ ಪಂಡಿತರ ಮುಂದೆ ಶಾಸ್ತ್ರ ಹಿಡಿದೇ ವಾದಿಸಿದರು. ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿ ಪಾಠ ಹೇಳಿದರು. ಅಲ್ಲಿ 1858ರಲ್ಲಿ ಹುಟ್ಟಿದ ಮಗಳೇ ಪಂಡಿತಾ ರಮಾಬಾಯಿ. ರಾನಡೆಯವರ ಹೆಂಡತಿ ರಮಾಬಾಯಿ ಬೇರೆ, ಈಕೆ ಬೇರೆ. ಅಪ್ಪ ಒಳಗೇ ಉಳಿದರು. ಮಗಳು 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಳಾದಳು. ಹೊರಗೆ ಹೋದವರ ಮಾತು ಒಳಗಿನವರು ಕೇಳುವುದಿಲ್ಲ ಅಂತಾರೆ. ಆದರೆ ವಿಧವೆಯರಿಗಾಗಿ ಆಕೆ ತೆರೆದ ಶಾರದಾ ಸದನಕ್ಕೆ ಸಲಹೆ ಕೊಡಲು ರಾನಡೆ, ಸಂಸ್ಕೃತ ವಿದ್ವಾಂಸ ಭಂಡಾರ್ಕರ್ ಬಂದರು. ಅಲ್ಲಿ ಮತಾಂತರ ನಡೀತಿದೆ ಅನ್ನುವ ಗಲಾಟೆ ಎದ್ದಾಗ, 1893ರಲ್ಲಿ ಇಬ್ಬರೂ ಕೈಬಿಟ್ಟರು. ಎಷ್ಟೋ ಮನೆಯವರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಇಲ್ಲೂ ದಂಡ ಯಾರದು ನೋಡಿ.

ಆ ಸದನದಲ್ಲಿ ಓದಿದವಳು ಗೋದೂಬಾಯಿ, ಬಾಲವಿಧವೆ. ಅದೇ 1893ರಲ್ಲಿ ಪುಣೆಯ ಲೆಕ್ಕದ ಮೇಷ್ಟ್ರು ಧೋಂಡೋ ಕೇಶವ ಕರ್ವೆ ಅವಳನ್ನು ಮದುವೆಯಾದರು. ಧರ್ಮ ಬಿಟ್ಟವಳು ಓದಿಸಿದ ಹುಡುಗಿಯನ್ನು ಧರ್ಮದೊಳಗೆ ಉಳಿದವನು ಕೈಹಿಡಿದ. ಕರ್ವೆಯವರ ಮನೆತನದ ಊರು ಮುರುಡ್ ಬಹಿಷ್ಕಾರ ಹಾಕಿತು. ಅವರು ಪ್ರಾಯಶ್ಚಿತ್ತಕ್ಕೂ ಹೋಗಲಿಲ್ಲ, ಧರ್ಮವನ್ನೂ ಬಿಡಲಿಲ್ಲ. ಪುಣೆಯ ಹೊರಗೆ ಹಿಂಗಣೆಯಲ್ಲಿ ವಿಧವೆಯರಿಗೆ ಒಂದು ಗುಡಿಸಲು ಕಟ್ಟಿದರು. ಅಲ್ಲಿಂದ ದಿನಾ ಫರ್ಗ್ಯುಸನ್ ಕಾಲೇಜಿಗೆ ಲೆಕ್ಕದ ಪಾಠ ಹೇಳಲು ನಡೆದುಕೊಂಡೇ ಹೋಗುತ್ತಿದ್ದರು.