ಲಾನೋವರ್: ಮೂರು ಸಾಲು ತಂತಿ ಉಳಿಸಿದ ಊರು

ನಮಸ್ಕಾರ. ಇದು ವೇಲ್ಸ್‌ನ ಮನ್ಮತ್‌ಶೈರ್, ಅಬರ್‌ಗವೆನ್ನಿಯಿಂದ ದಕ್ಷಿಣಕ್ಕೆ ಸ್ವಲ್ಪವೇ ದೂರ. ಊರು ಲಾನೋವರ್. ವೆಲ್ಷ್‌ನಲ್ಲಿ ಹೆಸರು ಶುರುವಾಗೋದು ಎರಡು ಎಲ್‌ನಿಂದ, ಆ ಸದ್ದಿಗೆ ನಮ್ಮಲ್ಲಿ ಅಕ್ಷರವೇ ಇಲ್ಲ. ನಾಲಿಗೆಯನ್ನ 'ಲ'ಕ್ಕೆ ಇಟ್ಟು, ದನಿ ಹೊರಡಿಸದೆ ಪಕ್ಕದಿಂದ ಗಾಳಿ ಊದಿ. ಹಾಂ, ಅದೇ.

ಇಲ್ಲಿದ್ದ ದೊಡ್ಡ ಬಂಗಲೆಯನ್ನ ಬಹುಪಾಲು 1936ರಲ್ಲಿ ಕೆಡವಿಬಿಟ್ಟರು. ಅದರ ಯಜಮಾನಿ ಆಗಸ್ಟಾ ಹಾಲ್, ಲೇಡಿ ಲಾನೋವರ್. ವೆಲ್ಷ್ ಭಾಷೆ, ಉಡುಪು ಯಾಕೆ ಉಳೀಬೇಕು ಅಂತ ಬರೆದ ಪ್ರಬಂಧಕ್ಕೆ 1834ರಲ್ಲಿ ಕಾರ್ಡಿಫ್ ಐಸ್ಟೆದ್‌ವೊಡ್‌ನಲ್ಲಿ, ಅಂದ್ರೆ ವೆಲ್ಷ್ ಸಾಹಿತ್ಯ-ಸಂಗೀತ ಸ್ಪರ್ಧೆಯ ಹಬ್ಬದಲ್ಲಿ, ಬಹುಮಾನ ಬಂತು. ಆಮೇಲೆ ಮನೆ ಕೆಲಸದವರಿಗೂ ಅದೇ ಉಡುಪು ತೊಡಿಸಿದರು, ಎಸ್ಟೇಟಿನ ಹೆಂಡದಂಗಡಿಗಳನ್ನೂ ಮುಚ್ಚಿಸಿದರು. ಇದು ದರ್ಪ ಅಂತಲೇ ನನಗನ್ಸುತ್ತೆ. ಆದರೆ ಈ ಹಾರ್ಪ್, ಬೆರಳಲ್ಲಿ ಮೀಟೋ ಈ ದೊಡ್ಡ ತಂತಿವಾದ್ಯ, ನೋಡಿದ್ರೆ ಮಾತು ಬದಲಾಯಿಸ್ಬೇಕಾಗುತ್ತೆ.

ಇದು ಟ್ರಿಪಲ್ ಹಾರ್ಪ್. ಎಡ ಭುಜಕ್ಕೆ ಒರಗಿಸ್ಕೊಂಡು ನುಡಿಸ್ತಾರೆ. ಹೆಚ್ಚುಕಡಿಮೆ ನೂರು ತಂತಿ, ಮೂರು ಸಾಲು. ಆಚೆ ಈಚೆ ಸಾಲುಗಳಲ್ಲಿ ಅವೇ ಸ್ವರಗಳು, ನಡುವಿನದ್ದರಲ್ಲಿ ಪಿಯಾನೋದ ಕರಿಮನೆ ಸ್ವರಗಳು. ನಡುವಿನ ತಂತಿ ಬೇಕಾದ್ರೆ ಹೊರಗಿನ ತಂತಿಗಳ ಸಂದಿಯಲ್ಲಿ ಬೆರಳು ತೂರಿಸ್ಬೇಕು.

ಕಷ್ಟ ಇರೋದು ಶ್ರುತಿಯಲ್ಲಿ. ಪ್ರಾಣಿ ಕರುಳಿಂದ ಮಾಡಿದ ತಂತಿ ತೇವ ಹೀರುತ್ತೆ, ವೇಲ್ಸ್‌ನಲ್ಲಿ ತೇವಕ್ಕೆ ಬರವಿಲ್ಲ. ಒಂದು ಹೊರಸಾಲನ್ನ ಮೊದಲು ಸರಿ ಮಾಡಿ, ಅದಕ್ಕೆ ಇನ್ನೊಂದನ್ನ ಕೂಡಿಸಿ, ಕೊನೆಗೆ ನಡುವಿನದ್ದು. ಒಂದೇ ಸ್ವರದ ಜೋಡಿ ತಂತಿಯಲ್ಲಿ ಒಂದು ಸೆಕೆಂಡಿಗೆ 440 ಸಲ, ಇನ್ನೊಂದು 442 ಸಲ ಕಂಪಿಸಿದ್ರೆ ಸೆಕೆಂಡಿಗೆ ಎರಡು ಸಲ ಸದ್ದು ಉಬ್ಬಿ ಇಳಿಯುತ್ತೆ. ಎರಡೂ ಕೈ ಒಂದೇ ಸ್ವರವನ್ನ ಬೆನ್ನುಬೆನ್ನಿಗೆ ಮೀಟೋದೇ ಈ ವಾದ್ಯದ ಸೊಗಸು. ಆ ಸೊಗಸೇ ಆಗ ಕಿವಿಗೆ ಹಿಂಸೆ! ಕೊನೆ ಬಿರಡೆ ತಿರುಗಿಸೋ ಹೊತ್ತಿಗೆ ಮೊದಲಿನ ತಂತಿ ಕದಲಿರುತ್ತೆ. ಕಾರಣ ಸರಳ: ಪ್ರತಿ ತಂತಿ ಬಿಗಿದಾಗಲೂ ಕೆಳಗಿನ ಹಲಗೆ ಚೂರು ಮೇಲೆ ಬಾಗುತ್ತೆ, ಮೊದಲೇ ಬಿಗಿದ ತಂತಿಗಳು ಸಡಿಲಾಗ್ತವೆ. ಇನ್ನೊಂದು ಸುತ್ತು ಮಾಡಲೇಬೇಕು.

ಪೆಡಲ್ ಹಾರ್ಪಿಗೆ ಏಳು ಪೆಡಲ್, ಕಾಲಲ್ಲೇ ಶ್ರುತಿ ಬದಲು. ಜನ ಅತ್ತ ಹೋಗ್ತಿದ್ದ ಕಾಲದಲ್ಲಿ ಲೇಡಿ ಲಾನೋವರ್ ಟ್ರಿಪಲ್ ಹಾರ್ಪನ್ನೇ ಬಹುಮಾನವಾಗಿ ಕೊಟ್ಟರು. ಮನೆಯಲ್ಲಿ ಥಾಮಸ್ ಗ್ರಿಫಿದ್ ಅನ್ನೋ ಅಂಧ ವಾದಕರನ್ನ ಇಟ್ಟುಕೊಂಡರು. ಬರೀ ಹೊಗಳಿಕೆಯಲ್ಲ, ವಾದ್ಯ, ಸಂಬಳ ಎರಡೂ ಕೊಟ್ಟದ್ದು. ಪೋಷಣೆ ಅಂದ್ರೆ ಇದು.

ಅಯ್ಯೋ, ಬೆಳಕು ಹೋಗ್ತಿದೆ. ಚರ್ಚ್ ಅಂಗಳದಲ್ಲಿ ಲೇಡಿ ಲಾನೋವರ್ ಮತ್ತು ಅವರ ಗಂಡನ ಗೋರಿ ಇದೆ, ಬನ್ನಿ ಬೇಗ.